ಮೂರು ವರ್ಷದ ಬಿ.ಎಸ್ಸಿ. ಮುಗಿಸಿದವರಿಗೆ ಜಪಾನಿನಲ್ಲಿ ಸ್ನಾತಕೋತ್ತರ ಪ್ರವೇಶ ಸಾಧ್ಯವೇ?

ಎಡದಂಡೆ, ಗಂಗಾವತಿ:

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಕೊಪ್ಪಳದಲ್ಲಿ ಮೂರು ವರ್ಷದ ಬಿ.ಎಸ್ಸಿ. ಪದವಿಯನ್ನು ಒಳ್ಳೆಯ ಅಂಕಗಳೊಂದಿಗೆ ಮುಗಿಸಿದ್ದಾಳೆ. ಬ್ಯಾಟರಿಗೆ ಬಳಸುವ ವಸ್ತುಗಳ ರಸಾಯನಶಾಸ್ತ್ರವನ್ನು ಜಪಾನಿನಲ್ಲಿ ಓದಬೇಕೆಂಬುದು ಅವಳ ಹಂಬಲ. ಬಳ್ಳಾರಿಯ ಏಜೆಂಟರೊಬ್ಬರನ್ನು ವಿಚಾರಿಸಿದಾಗ, ಭಾರತದ ಮೂರು ವರ್ಷದ ಪದವಿಗೆ ಅಲ್ಲಿ ಬೆಲೆಯೇ ಇಲ್ಲವೆಂದೂ, ಮೊದಲು ಎರಡು ವರ್ಷ ಭಾಷಾ ಶಾಲೆಗೆ ಸೇರಿದರೆ ವಿಶ್ವವಿದ್ಯಾಲಯ ತಾನಾಗಿಯೇ ಸಿಗುತ್ತದೆಂದೂ, ಅಲ್ಲಿಯ ಖರ್ಚನ್ನು ಪಾರ್ಟ್ ಟೈಮ್ ಕೆಲಸದಿಂದಲೇ ತೂಗಿಸಬಹುದೆಂದೂ ಹೇಳಿ ಹನ್ನೆರಡು ಲಕ್ಷ ರೂಪಾಯಿ ಕೇಳಿದರು. ಅಪ್ಪ ಕಾಲುವೆ ಕೆಳಗಿನ ಗದ್ದೆಯ ಮೇಲೆ ಸಾಲ ಎತ್ತಲು ಸಿದ್ಧರಿದ್ದಾರೆ. ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಎಂದು ಪ್ರತಿವರ್ಷ ಕಾಯುವ ನಮಗೆ ಇಷ್ಟು ದೊಡ್ಡ ಸಾಲಕ್ಕೆ ಕೈಹಾಕಲು ಧೈರ್ಯ ಬರುತ್ತಿಲ್ಲ. ಏಜೆಂಟರ ಮಾತಿನಲ್ಲಿ ಎಷ್ಟು ನಿಜವಿದೆ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉಪನ್ಯಾಸಕ, ಬಳ್ಳಾರಿ:

ಬೆಲೆಯೇ ಇಲ್ಲ ಎನ್ನುವುದು ತಪ್ಪು. ಜಪಾನಿನಲ್ಲಿ ಸ್ನಾತಕೋತ್ತರ ಪ್ರವೇಶಕ್ಕೆ ಒಟ್ಟು 16 ವರ್ಷಗಳ ವಿದ್ಯಾಭ್ಯಾಸ ಆಗಿರಬೇಕೆಂಬ ನಿಯಮ ಮೊದಲಿನಿಂದಲೂ ಇದೆ. ನಮ್ಮ ಹತ್ತು, ಪಿಯುಸಿ ಎರಡು, ಪದವಿ ಮೂರು ಸೇರಿದರೆ ಹದಿನೈದೇ ಆಗುವುದರಿಂದ ಬಿ.ಇ. ಓದಿದವರಿಗೆ ಇಲ್ಲದ ತೊಡಕು ಬಿ.ಎಸ್ಸಿ. ಓದಿದವರಿಗೆ ಎದುರಾಗುತ್ತಿತ್ತು. ಆದರೆ 2016ರ ತಿದ್ದುಪಡಿಯಲ್ಲಿ, ಆಯಾ ದೇಶದಲ್ಲಿ ಮಾನ್ಯತೆ ಪಡೆದ ಸಂಸ್ಥೆಯೊಂದರಲ್ಲಿ ಕನಿಷ್ಠ ಮೂರು ವರ್ಷ ಓದಿ ಪದವಿ ಪಡೆದವರನ್ನೂ ಅರ್ಹರೆಂದು ಪರಿಗಣಿಸಲು ಅವಕಾಶ ಕಲ್ಪಿಸಲಾಯಿತು. ಇದಲ್ಲದೆ, 22 ವರ್ಷ ತುಂಬಿದವರ ಅರ್ಹತೆಯನ್ನು ವಿಶ್ವವಿದ್ಯಾಲಯವೇ ಪ್ರತ್ಯೇಕವಾಗಿ ಪರಿಶೀಲಿಸಿ ಒಪ್ಪಿಕೊಳ್ಳುವ ದಾರಿಯೂ ಉಂಟು.

ಅಂತಿಮ ತೀರ್ಮಾನ ಆಯಾ ವಿಭಾಗದ್ದೇ ಆದ್ದರಿಂದ, ಅರ್ಜಿ ಶುಲ್ಕ ಕಟ್ಟುವ ಮೊದಲೇ ನಿಮ್ಮ ತಂಗಿ ಅಂಕಪಟ್ಟಿಗಳನ್ನು ಲಗತ್ತಿಸಿ ಅಲ್ಲಿಯ ಪ್ರವೇಶ ಕಚೇರಿಗೆ ಇಮೇಲ್ ಬರೆದು, ತಾನು ಅರ್ಹಳೇ ಎಂದು ಕೇಳಿ ಲಿಖಿತ ಉತ್ತರ ಪಡೆಯಲಿ. ಆ ಉತ್ತರಕ್ಕಿರುವ ತೂಕ ಯಾವ ಏಜೆಂಟರ ಮಾತಿಗೂ ಇಲ್ಲ. ಉತ್ತರ ಅನುಕೂಲವಾಗಿ ಬರದಿದ್ದರೆ ಇಲ್ಲಿಯೇ ಎಂ.ಎಸ್ಸಿ. ಮುಗಿಸಿ ನೇರವಾಗಿ ಪಿಎಚ್.ಡಿ.ಗೆ ಪ್ರಯತ್ನಿಸಬಹುದು, ಅದೇನೂ ಕೀಳು ದಾರಿಯಲ್ಲ. (ನಮ್ಮ ಭಾಗದ ಮಕ್ಕಳು ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಕೊಡುವ 371(ಜೆ) ಪ್ರಮಾಣಪತ್ರವನ್ನೂ ಅರ್ಜಿಯೊಂದಿಗೆ ಇಡಬೇಕೇ ಎಂದು ಕೇಳುತ್ತಾರೆ. ಜಪಾನಿಗೆ ಅದು ಬೇಡ.)

ರಾಯಚೂರಿನಿಂದ ಸೆಂದಾಯ್:

ನಾನು ಜಪಾನಿನ ಸೆಂದಾಯ್ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಓದಿದವನು. ಮೊದಲು ಹಣದ ಲೆಕ್ಕವನ್ನೇ ನೋಡೋಣ. ವಿದ್ಯಾರ್ಥಿ ವೀಸಾದ ಮೇಲೆ ಹೋದವರು ಪ್ರತ್ಯೇಕ ಅನುಮತಿ ಪಡೆದು ವಾರಕ್ಕೆ 28 ಗಂಟೆ ಮಾತ್ರ ದುಡಿಯಬಹುದು. ದೀರ್ಘ ರಜೆಯಲ್ಲಿ ದಿನಕ್ಕೆ 8 ಗಂಟೆಯವರೆಗೆ ಅವಕಾಶವಿದೆ. ಗಂಟೆಗೆ ಸಾವಿರ ಯೆನ್ನಿನಂತೆ ಹಿಡಿದರೆ ತಿಂಗಳಿಗೆ ಸುಮಾರು 1,12,000 ಯೆನ್ ಆಗುತ್ತದೆ. ಭಾಷಾ ಶಾಲೆಯ ಶುಲ್ಕ ವರ್ಷಕ್ಕೆ ಏಳೆಂಟು ಲಕ್ಷ ಯೆನ್, ಅಂದರೆ ತಿಂಗಳಿಗೆ ಅರವತ್ತು ಸಾವಿರಕ್ಕೂ ಹೆಚ್ಚು. ಉಳಿದ ಐವತ್ತು ಸಾವಿರದೊಳಗೆ ಬಾಡಿಗೆ, ಊಟ, ಆರೋಗ್ಯ ವಿಮೆ ಎಲ್ಲವೂ ಮುಗಿಯಬೇಕು, ಅದರ ಮೇಲೆ ಊರಿನ ಸಾಲದ ಬಡ್ಡಿ. ಅಷ್ಟಾಗಿಯೂ ಮೊದಲ ತಿಂಗಳುಗಳಲ್ಲಿ, ಭಾಷೆ ಬಾರದವರಿಗೆ ಅಂಗಡಿಯ ಕೌಂಟರಿನ ಕೆಲಸ ಕೂಡ ಸುಲಭವಾಗಿ ಸಿಗುವುದಿಲ್ಲ.

ರಾಷ್ಟ್ರೀಯ ವಿಶ್ವವಿದ್ಯಾಲಯಗಳ ಪ್ರಮಾಣಿತ ಬೋಧನಾ ಶುಲ್ಕ ವರ್ಷಕ್ಕೆ 5,35,800 ಯೆನ್, ಪ್ರವೇಶ ಶುಲ್ಕ ಒಂದು ಸಲಕ್ಕೆ 2,82,000 ಯೆನ್. ಭಾಷಾ ಶಾಲೆಗಿಂತ ವಿಶ್ವವಿದ್ಯಾಲಯವೇ ಅಗ್ಗವೆಂಬುದನ್ನು ಏಜೆಂಟರು ಹೇಳುವುದಿಲ್ಲ. ಆದರೆ ವಿದೇಶಿ ವಿದ್ಯಾರ್ಥಿಗಳಿಂದ ಹೆಚ್ಚು ಶುಲ್ಕ ಪಡೆಯಲು 2024ರಿಂದ ಅವಕಾಶವಿರುವುದರಿಂದ, ಆಯಾ ವಿಶ್ವವಿದ್ಯಾಲಯದ ಇತ್ತೀಚಿನ ಪ್ರಕಟಣೆಯನ್ನೇ ನಂಬಿರಿ.

ಅಲ್ಲಿ ವಿದ್ಯಾರ್ಥಿ ಸೇರುವುದು ವಿಭಾಗಕ್ಕಿಂತ ಹೆಚ್ಚಾಗಿ ಒಬ್ಬ ಪ್ರಾಧ್ಯಾಪಕರ ಪ್ರಯೋಗಾಲಯಕ್ಕೆ. ಅವರು ಒಪ್ಪಿದರೆ ಅರ್ಧ ಕೆಲಸ ಆದಂತೆ, ಅವರು ಒಪ್ಪದಿದ್ದರೆ ಎಷ್ಟು ಅಂಕವಿದ್ದರೂ ಕಷ್ಟ. ಲಿಥಿಯಂ ಅಯಾನ್ ಬ್ಯಾಟರಿಗಾಗಿ 2019ರ ನೊಬೆಲ್ ಹಂಚಿಕೊಂಡ ಅಕಿರಾ ಯೋಶಿನೊ ಅವರ ದೇಶದಲ್ಲಿ ನಿಮ್ಮ ತಂಗಿಯ ವಿಷಯದ ಪ್ರಯೋಗಾಲಯಗಳಿಗೆ ಕೊರತೆಯಿಲ್ಲ. ಗೌರವಾನ್ವಿತ ಪ್ರಾಧ್ಯಾಪಕರೇ ಎಂದು ಆರಂಭಿಸಿ ಐವತ್ತು ಮಂದಿಗೆ ಒಂದೇ ಪತ್ರ ಕಳುಹಿಸುವವರಿಗೆ ಉತ್ತರ ಬರುವುದಿಲ್ಲ. ಒಬ್ಬರ ಇತ್ತೀಚಿನ ಎರಡು ಲೇಖನಗಳನ್ನು ಓದಿ, ಅದರಲ್ಲಿ ಯಾವ ಪ್ರಯೋಗವನ್ನು ಮುಂದುವರಿಸಲು ತನಗೆ ಆಸಕ್ತಿಯಿದೆ, ಬಿ.ಎಸ್ಸಿ.ಯ ಪ್ರಾಜೆಕ್ಟಿನಲ್ಲಿ ತಾನು ಕೈಯಾರೆ ಮಾಡಿದ್ದೇನು ಎಂಬುದನ್ನು ಹತ್ತು ಹನ್ನೆರಡು ಸಾಲಿನಲ್ಲಿ ಬರೆದು, ಎರಡು ಪುಟದ ಸಂಶೋಧನಾ ಯೋಜನೆಯನ್ನು ಲಗತ್ತಿಸಲಿ. ವಿಷಯದ ಸಾಲಿನಲ್ಲಿ ಯಾವ ವರ್ಷದ ಯಾವ ತಿಂಗಳ ಪ್ರವೇಶವೆಂಬುದೂ ಇರಲಿ. ಅಲ್ಲಿ ಶೈಕ್ಷಣಿಕ ವರ್ಷ ಏಪ್ರಿಲ್‌ನಲ್ಲಿ ಆರಂಭವಾದರೂ ಇಂಗ್ಲಿಷ್ ಕೋರ್ಸುಗಳು ಹಲವೆಡೆ ಅಕ್ಟೋಬರಿನಲ್ಲಿ ಶುರುವಾಗುತ್ತವೆ.

ಸಿಂಧನೂರಿನವ, ಸದ್ಯ ನಾಗೋಯಾ:

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಭಾಷಾ ಶಾಲೆಯನ್ನು ಪೂರ್ತಿ ತಳ್ಳಿಹಾಕಬೇಡಿ. ನಾನು ಆ ದಾರಿಯಲ್ಲೇ ಬಂದು, ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಯ ಎನ್2 ಹಂತ ಪಾಸಾದ ಮೇಲೆಯೇ ಇಲ್ಲಿಯ ಕಂಪನಿಯಲ್ಲಿ ಕೆಲಸ ಹಿಡಿದೆ. ಇಂಗ್ಲಿಷಿನಲ್ಲಿ ಎಂ.ಎಸ್ಸಿ. ಮುಗಿಸಿ, ಜಪಾನಿ ಬಾರದೆ ಕೆಲಸಕ್ಕಾಗಿ ಅಲೆಯುವವರನ್ನೂ ಕಂಡಿದ್ದೇನೆ.

ರಾಯಚೂರಿನಿಂದ ಸೆಂದಾಯ್:

ನಿಜ, ಭಾಷೆ ಬೇಕೇ ಬೇಕು. ಅದನ್ನು ಸಾಲ ಮಾಡಿ ಅಲ್ಲಿಗೆ ಹೋಗಿಯೇ ಆರಂಭಿಸಬೇಕೇ ಎಂಬುದಷ್ಟೇ ನನ್ನ ಪ್ರಶ್ನೆ. ಬೆಂಗಳೂರಿನಲ್ಲಿಯೇ ಜೆಎಲ್‌ಪಿಟಿ ಪರೀಕ್ಷಾ ಕೇಂದ್ರವಿದೆ. ಮನೆಯಲ್ಲಿ ಕುಳಿತು ಅದರ ಆರಂಭದ ಹಂತಗಳಾದ ಎನ್5, ಎನ್4 ಮುಗಿಸಿಕೊಂಡು ಹೋದವರಿಗೆ ಪ್ರಯೋಗಾಲಯದ ವಾರದ ಸಭೆಯಲ್ಲಿ ಕಿವಿಯಾದರೂ ತೆರೆದಿರುತ್ತದೆ.

ಎಡದಂಡೆ, ಗಂಗಾವತಿ:

ತಮ್ಮೆಲ್ಲರಿಗೂ ಕೃತಜ್ಞತೆಗಳು. ಜಪಾನ್ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಏಜೆಂಟರ ಮೂಲಕವೇ ಅರ್ಜಿ ಹಾಕಬೇಕೇ? ಬ್ಯಾಂಕ್ ಖಾತೆಯಲ್ಲಿ ತೋರಿಸಲು ಬೇಕಾದ ಹಣವನ್ನು ತಾವೇ ಕೆಲವು ದಿನ ಇಡಿಸುತ್ತೇವೆ ಎಂದೂ ಅವರು ಹೇಳುತ್ತಿದ್ದಾರೆ.

ಉಪನ್ಯಾಸಕ, ಬಳ್ಳಾರಿ:

ಖಾತೆಯಲ್ಲಿ ಹಣ ಇಡಿಸುವ ಮಾತಿಗೆ ಖಂಡಿತ ಒಪ್ಪಬೇಡಿ. ವೀಸಾಕ್ಕೆ ಮೊದಲು ಬೇಕಾಗುವ ಅರ್ಹತಾ ಪ್ರಮಾಣಪತ್ರವನ್ನು ಕೊಡುವ ಜಪಾನಿನ ವಲಸೆ ಇಲಾಖೆ, ಖರ್ಚು ಭರಿಸುವವರ ಆದಾಯದ ಮೂಲವನ್ನೂ ನೋಡುತ್ತದೆ. ಅಲ್ಲಿ ಒಮ್ಮೆ ಅನುಮಾನ ಬಂದರೆ ಮುಂದಿನ ಅರ್ಜಿಗೂ ಅದು ಅಡ್ಡಿಯಾಗುತ್ತದೆ.

ಮೆಕ್ಸ್ಟ್ ಎಂದು ಕರೆಯುವ ಆ ವಿದ್ಯಾರ್ಥಿವೇತನಕ್ಕೆ ಏಜೆಂಟರ ಅಗತ್ಯವೇ ಇಲ್ಲ, ಅರ್ಜಿಗೆ ಶುಲ್ಕವೂ ಇಲ್ಲ. ಒಂದು ದಾರಿ ದೆಹಲಿಯ ಜಪಾನ್ ರಾಯಭಾರ ಕಚೇರಿಯ ಮೂಲಕ, ಇನ್ನೊಂದು ವಿಶ್ವವಿದ್ಯಾಲಯದ ಶಿಫಾರಸಿನ ಮೂಲಕ. ಸಿಕ್ಕರೆ ಬೋಧನಾ ಶುಲ್ಕ, ವಿಮಾನದ ಖರ್ಚು, ತಿಂಗಳಿಗೆ 1,44,000 ಯೆನ್ನಿನ ಆಸುಪಾಸಿನ ಭತ್ಯೆ ಎಲ್ಲವನ್ನೂ ಆ ಸರ್ಕಾರವೇ ಕೊಡುತ್ತದೆ. ರಾಯಭಾರ ಕಚೇರಿಯ ಪ್ರಕಟಣೆ ಸಾಮಾನ್ಯವಾಗಿ ಬೇಸಿಗೆಯಲ್ಲಿ ಹೊರಬೀಳುವುದರಿಂದ, ಸಂಶೋಧನಾ ಯೋಜನೆ, ಅಧ್ಯಾಪಕರ ಶಿಫಾರಸು ಪತ್ರ, ವಿಶ್ವವಿದ್ಯಾಲಯದಿಂದ ಪಡೆದ ಅಧಿಕೃತ ಅಂಕಪಟ್ಟಿ ಇವು ಅದಕ್ಕೂ ಮೊದಲೇ ಕೈಯಲ್ಲಿರಲಿ. ಯೋಜನೆಯ ಕರಡನ್ನು ತಂಗಿ ಬರೆದ ಮೇಲೆ ಇಲ್ಲಿಯೇ ಹಾಕಿರಿ, ನಾವು ತಿದ್ದಿಕೊಡುತ್ತೇವೆ. ಅಲ್ಲಿಯವರೆಗೆ ಗದ್ದೆಯ ಪಹಣಿ ಪತ್ರಗಳು ಮನೆಯಲ್ಲೇ ಇರಲಿ.