ನೊಣವೋ, ಮೀನೋ, ಸೆಲ್ ಕಲ್ಚರೋ? ಲ್ಯಾಬ್ ಕಟ್ಟಿದವರು ಅನುಭವ ಹೇಳಿ

ಖಾಲಿಕೋಣೆ: ಆರು ವರ್ಷ ಹೊರದೇಶದಲ್ಲಿ ಪೋಸ್ಟ್‌ಡಾಕ್ ಮುಗಿಸಿ ಬಂದಿದ್ದೇನೆ. ನಮ್ಮ ರಾಜ್ಯದ್ದೇ ಒಂದು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕೆಲಸ ಸಿಕ್ಕಿದೆ. ಒಂದು ಕೋಣೆ, ಎರಡು ಸಿಂಕ್ ಕೊಟ್ಟಿದ್ದಾರೆ. ಹೊರದೇಶದಲ್ಲಿ ಪುಟ್ಟ ಪಟ್ಟೆ ಮೀನು ಝೀಬ್ರಾಫಿಶ್‌ನಲ್ಲಿ ಹೃದಯ ಹೇಗೆ ಬೆಳೆಯುತ್ತದೆ ಅಂತ ನೋಡುತ್ತಿದ್ದೆ. ಅದನ್ನೇ ಮುಂದುವರಿಸಲಾ, ಡ್ರೊಸೊಫಿಲಾ, ಅಂದರೆ ಹಣ್ಣಿನ ನೊಣ ಹಿಡಿಯಲಾ, ಇಲ್ಲ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವ ಸೆಲ್ ಕಲ್ಚರ್ ಸಾಕಾ?

ರವೆಬೆಲ್ಲ: ಕಣ್ಣು ಮುಚ್ಚಿಕೊಂಡು ನೊಣ ಹಿಡಿಯಿರಿ. ನಾನು 2014ರಲ್ಲಿ ಶುರು ಮಾಡಿದ್ದು ಒಂದು ಕುಕ್ಕರ್, ಒಂದು ಗ್ಯಾಸ್ ಒಲೆ ಇಟ್ಟುಕೊಂಡು. ನೊಣದ ಊಟಕ್ಕೆ ಲೀಟರ್ ನೀರಿಗೆ 100 ಗ್ರಾಂ ರವೆ, 100 ಗ್ರಾಂ ಬೆಲ್ಲ, ಗಟ್ಟಿಯಾಗಲು 10 ಗ್ರಾಂ ಅಗರ್, ಇಳಿಸಿದ ಮೇಲೆ ಬೂಸ್ಟು ಬರದ ಹಾಗೆ 7.5 ಮಿಲಿ ಪ್ರೊಪಿಯಾನಿಕ್ ಆಸಿಡ್. ಮಾನಸಗಂಗೋತ್ರಿಯಲ್ಲಿ ಓದಿದವರ ಕೈಯಲ್ಲಿ ಈ ಅಳತೆ ಬಾಯಿಪಾಠ. ಖರ್ಚು ಏನೂ ಇಲ್ಲ, ಆದರೆ ಆ ಬೆಲ್ಲದ ಬಿಲ್ ಪಾಸಾಗಲು ಹದಿನಾಲ್ಕು ತಿಂಗಳು ಹಿಡಿಯಿತು. 640 ರೂಪಾಯಿ. ಲೆಕ್ಕಪತ್ರ ವಿಭಾಗದವರು ಫೈಲಿನ ಮೇಲೆ "ಇದು ಹಾಸ್ಟೆಲ್ ಖರ್ಚೇ?" ಅಂತ ಬರೆದು ವಾಪಸ್ ಕಳಿಸಿದ್ದರು. ಆ ಹಾಳೆ ಇನ್ನೂ ಇಟ್ಟುಕೊಂಡಿದ್ದೇನೆ.

ಮೂರನೇ ವರ್ಷ ಏಪ್ರಿಲ್‌ನಲ್ಲಿ ಎಸಿ ಕೆಟ್ಟಿತು. ನೊಣಗಳು ಸಾಯಲಿಲ್ಲ, ಚೆನ್ನಾಗೇ ಹಾರಾಡುತ್ತಿದ್ದವು. ಮೊಟ್ಟೆಯೂ ಇಟ್ಟವು, ಒಂದೂ ಒಡೆಯಲಿಲ್ಲ. ನಾನು, ನನ್ನ ವಿದ್ಯಾರ್ಥಿನಿ ಇಬ್ಬರೂ ಜೀನ್ ಬದಲಾದ ನಮ್ಮ ಮ್ಯುಟೆಂಟ್‌ನಲ್ಲಿ ಏನೋ ದೊಡ್ಡದು ಸಿಕ್ಕಿತು ಅಂತ ಮೂರು ವಾರ ಕುಣಿದೆವು. ಆಮೇಲೆ ನೋಡಿದರೆ ಹೋಲಿಕೆಗೆ ಇಟ್ಟ ಮಾಮೂಲಿ ನೊಣಗಳ ಕಂಟ್ರೋಲ್ ಬಾಟಲಿಯಲ್ಲೂ ಅದೇ ಕಥೆ! 30 ಡಿಗ್ರಿ ದಾಟಿದರೆ ಗಂಡು ನೊಣ ಬಂಜೆಯಾಗುತ್ತದೆ ಅನ್ನುವುದು ನನಗೇ ಹೊಳೆಯಲಿಲ್ಲ.

ತೊಟ್ಟಿಮನೆ: ಅವರು ಕೇಳಿದ್ದು ಮೀನಿನ ಬಗ್ಗೆ, ನೀವು ಬೆಲ್ಲದ ಕಥೆ ಹೇಳಿದಿರಿ ಸರ್. ನಾನು ಮೀನು ಸಾಕಿದವಳು, ಕೇಳಿ. 30 ಲಕ್ಷದ ಸ್ಟಾರ್ಟ್‌ಅಪ್ ಗ್ರಾಂಟ್ ಸಿಕ್ಕಿತ್ತು. ತೊಟ್ಟಿಗಳ ರ‍್ಯಾಕಿಗೆ 11 ಲಕ್ಷದ ಕೊಟೇಶನ್, ಸಂಶೋಧನೆಗೆ ಜಿಎಸ್‌ಟಿ 5 ಪರ್ಸೆಂಟ್ ಅಂತ ಲೆಕ್ಕ ಹಾಕಿದ್ದೆ. ಖರೀದಿ ಸಮಿತಿಯ ಸಭೆ ಮೂರು ಸಲ ಮುಂದೆ ಹೋಯಿತು. ಅಷ್ಟರಲ್ಲಿ 2022ರ ಜುಲೈ ಬಂತು, ಆ ರಿಯಾಯಿತಿ ಹೋಯಿತು, 18 ಆಯಿತು. ಒಂದು ಲಕ್ಷ ನಲವತ್ತಮೂರು ಸಾವಿರ ಜಾಸ್ತಿ! ಅದಕ್ಕೆ ಮೈಕ್ರೋಸ್ಕೋಪಿನ ಕ್ಯಾಮೆರಾ ಕೈಬಿಟ್ಟೆ. ಇವತ್ತಿಗೂ ಫೋನ್ ಹಿಡಿದು ಫೋಟೋ ತೆಗೆಯುತ್ತೇವೆ.

ನೀರಿನದು ಬೇರೆ ಕಥೆ. ಒಂದು ಸೋಮವಾರ ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ಥಯೋಸಲ್ಫೇಟ್ ಹಾಕುವುದು ಮರೆತರು. ಕ್ಲೋರಿನ್. ಮಧ್ಯಾಹ್ನದ ಹೊತ್ತಿಗೆ 212 ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಎಣಿಸಿದ್ದು ನಾನೇ. ಮರೆತ ಹುಡುಗನಿಗೆ ಬಯ್ಯಲಿಲ್ಲ, ಅವನು ಆಗಲೇ ಅಳುತ್ತಿದ್ದ.

ಆದರೂ ಬಿಡಲಿಲ್ಲ. ಹಿಂದಿನ ದಿನ ಇಟ್ಟ ಮೊಟ್ಟೆಯನ್ನು ಬಿಎಸ್ಸಿ ಮಕ್ಕಳಿಗೆ ತೋರಿಸಿ. ಗಾಜಿನ ಹಾಗಿರುವ ಮೊಟ್ಟೆಯೊಳಗೆ ಹೃದಯ ಹೊಡೆದುಕೊಳ್ಳುವುದು ಕಾಣುತ್ತದೆ. ನಿಮ್ಮ ನೊಣದಲ್ಲಿ ಅದು ಕಂಡೀತಾ?

ರವೆಬೆಲ್ಲ: ಹತ್ತು ದಿನಕ್ಕೊಂದು ತಲೆಮಾರು ಕಾಣುತ್ತದೆ ಮೇಡಂ. ನಿಮ್ಮ ಮೀನು ದೊಡ್ಡದಾಗಲು ಮೂರು ತಿಂಗಳು. ಪಿಎಚ್‌ಡಿ ಹುಡುಗರ ಫೆಲೋಶಿಪ್ ಮುಗಿಯುವುದರೊಳಗೆ ಎಷ್ಟು ಕ್ರಾಸ್, ಅಂದರೆ ತಳಿ ಬೆರಕೆ, ಮಾಡ್ತೀರಿ?

ಐದುಪರ್ಸೆಂಟ್: ಇಬ್ಬರೂ ಜಗಳ ಸಾಕು ಮಾಡಿ. ಸೆಲ್ ಕಲ್ಚರ್ ಸುಲಭ ಅಂದವರ ಮಾತು ಕೇಳಿ ಕೆಟ್ಟವನು ನಾನು. ಜೀವಕೋಶ ಬೆಳೆಯಲು ಹಾಕುವ ಸೀರಂ ಬಾಟಲಿ ಒಂದಕ್ಕೆ 46 ಸಾವಿರ ಕೊಟ್ಟೆ, ಅದು ಬರುವಾಗ ಡ್ರೈ ಐಸ್ ಕರಗಿ ಬೆಚ್ಚಗಾಗಿತ್ತು. ಎಸೆಯಲು ಮನಸ್ಸು ಬರಲಿಲ್ಲ, ಬಳಸಿದೆ. ದಸರಾ ರಜೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಖಾಲಿ, ಬಂದು ನೋಡಿದರೆ ಜೀವಕೋಶ ಇಟ್ಟ ದ್ರವ (ಮೀಡಿಯಂ) ಎಲ್ಲಾ ಕೆಟ್ಟು ನೇರಳೆ ಬಣ್ಣ. ಅದಾದ ಮೇಲೆ ಮೈಕೋಪ್ಲಾಸ್ಮಾ ಅನ್ನುವ ಅತಿ ಸಣ್ಣ ಬ್ಯಾಕ್ಟೀರಿಯಾ ಸೇರಿಕೊಂಡಿತು. ಸಾಮಾನ್ಯ ಮೈಕ್ರೋಸ್ಕೋಪಿಗೆ ಕಾಣುವುದಿಲ್ಲ, ಕೋಶಭಿತ್ತಿ ಇಲ್ಲದ್ದಕ್ಕೆ ಪೆನ್ಸಿಲಿನ್ ಹಾಕಿದರೂ ಸಾಯುವುದಿಲ್ಲ. ಜೀವಕೋಶ ನಿಧಾನಕ್ಕೆ ಬೆಳೆಯುತ್ತಿದೆ ಅಂತ ಒಂದು ಪೇಪರ್ ಬರೆಯುವ ಹಂತಕ್ಕೆ ಹೋಗಿದ್ದೆವು. ಎರಡು ವರ್ಷದ ಡೇಟಾ ಕಸದಬುಟ್ಟಿಗೆ. ಈಗ ಬರೀ ಪಾಠ ಮಾಡುತ್ತೇನೆ. ಸಂಜೆ ಐದಕ್ಕೆ ಮನೆ.

ಹಿಪ್ಪುನೇರಳೆ: ಯಾರೂ ರೇಷ್ಮೆ ಹುಳು ಅನ್ನಲಿಲ್ಲ, ಆಶ್ಚರ್ಯ! ಮೆಂಡೆಲ್ ನಿಯಮ ಪ್ರಾಣಿಗಳಿಗೂ ಹೊಂದುತ್ತದೆ ಅಂತ ಜಪಾನಿನ ತೊಯಾಮಾ 1906ರಲ್ಲೇ ಇದೇ ಹುಳುವಿನಲ್ಲಿ ತೋರಿಸಿದ. ನಮ್ಮ ಮೈಸೂರು ತಳಿ ಬೇರೆ ಇದೆ. ನಾನು ಹನ್ನೊಂದು ವರ್ಷ ಸಾಕಿದ್ದೇನೆ. ಒಂದೇ ಒಂದು ಸಲ ಪೂರ್ತಿ ಬೆಳೆ ಹೋಯಿತು. ಕ್ಯಾಂಪಸ್ಸಿನ ತೋಟದವರು ಗುಲಾಬಿಗೆ ಔಷಧಿ ಹೊಡೆದರು, ಗಾಳಿ ಪಕ್ಕದ ಹಿಪ್ಪುನೇರಳೆ ಸೊಪ್ಪಿನ ಕಡೆ ಇತ್ತು. ನಾಲ್ಕನೇ ಜ್ವರದಿಂದ (ಪೊರೆ ಕಳಚುವ ನಿದ್ದೆಗೆ ಹಾಗೆನ್ನುತ್ತೇವೆ) ಎದ್ದ ಹುಳು, ಹಸಿದಿದ್ದವು, ಗಬಗಬ ತಿಂದವು. ಸಂಜೆಗೆ ತಟ್ಟೆಗಳೆಲ್ಲಾ ಹಸಿರು ವಾಂತಿ.

ರವೆಬೆಲ್ಲ: ಒಂದೂವರೆ ತಿಂಗಳಿಗೊಂದು ತಲೆಮಾರು. ಅದು ಜೆನೆಟಿಕ್ಸ್ ಅಲ್ಲ, ವ್ಯವಸಾಯ.

ಹಿಪ್ಪುನೇರಳೆ: ವ್ಯವಸಾಯ ಅಂದರೆ ಅಷ್ಟು ಕೇವಲವಾ ಸ್ವಾಮಿ? ನನ್ನ ನಾಲ್ಕು ವಿದ್ಯಾರ್ಥಿಗಳಿಗೆ ಅದರಿಂದಲೇ ಕೆಲಸ ಸಿಕ್ಕಿದೆ. ನಿಮ್ಮವರು ಏನು ಮಾಡುತ್ತಿದ್ದಾರೆ ಹೇಳಿ.

ರವೆಬೆಲ್ಲ: ಇಬ್ಬರು ಅತಿಥಿ ಉಪನ್ಯಾಸಕರು. ಒಬ್ಬಳು ಜರ್ಮನಿಯಲ್ಲಿ. ಅದಕ್ಕೂ ಇದಕ್ಕೂ ಏನು ಸಂಬಂಧ?

ಐದುಪರ್ಸೆಂಟ್: ಸಂಬಂಧ ಇದೆ ಅಲ್ವಾ.

ಖಾಲಿಕೋಣೆ: ಎಲ್ಲರಿಗೂ ಧನ್ಯವಾದ. ತೊಟ್ಟಿಮನೆ ಮೇಡಂ, ಭಾನುವಾರ ಮೀನಿಗೆ ಊಟ ಹಾಕುವವರು ಯಾರು?

ತೊಟ್ಟಿಮನೆ: ನಾನು. ಹಬ್ಬದ ದಿನ ನಮ್ಮ ಯಜಮಾನರು. ಮೀನಿನ ಊಟಕ್ಕೆ ಆರ್ಟೀಮಿಯಾ ಅನ್ನುವ ಪುಟ್ಟ ಸೀಗಡಿಯಂಥ ಜೀವಿಯ ಮೊಟ್ಟೆಯನ್ನು ಹಿಂದಿನ ದಿನವೇ ಉಪ್ಪುನೀರಿಗೆ ಹಾಕಿಡಬೇಕು, ಅದನ್ನೂ ಕಲಿತಿದ್ದಾರೆ.

ನೊಣಪ್ಪ: ರವೆಬೆಲ್ಲ ಸರ್, ನೀವು ಹಾಕುವುದು ಚಿರೋಟಿ ರವೆಯಾ, ಬಾಂಬೆ ರವೆಯಾ? ನನ್ನದು ಗಟ್ಟಿಯಾಗುತ್ತಲೇ ಇಲ್ಲ, ನೊಣ ಅಂಟಿಕೊಂಡು ಸಾಯುತ್ತಿವೆ.

ರವೆಬೆಲ್ಲ: ಬಾಂಬೆ ರವೆ. ಬೆಲ್ಲ ಪೂರ್ತಿ ಕರಗಿದ ಮೇಲೇ ರವೆ ಹಾಕಿ. ಕೈ ಬಿಡದೆ ತಿರುವುತ್ತಿರಿ, ಉಪ್ಪಿಟ್ಟಿನ ಹಾಗೆ ಮುಚ್ಚಿಟ್ಟು ಹೋಗಬೇಡಿ.