ತಂಗಿಯ ಡೋಪ್ ಪರೀಕ್ಷೆ: ಇಪ್ಪತ್ತು ದಿನದೊಳಗೆ ಒಪ್ಪಿಕೊಳ್ಳಬೇಕೇ, ವಿಚಾರಣೆ ಕೇಳಬೇಕೇ? ಅನುಭವವಿದ್ದವರು ತಿಳಿಸಿ

ಪ್ರಶ್ನೆ – ಗಂಗಾವತಿಯಿಂದ ಒಬ್ಬ ಅಣ್ಣ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಹತ್ತೊಂಬತ್ತು ವರ್ಷ, ಜಾವೆಲಿನ್ ಎಸೆಯುತ್ತಾಳೆ. ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಪಡೆದ ಅವಳ ಮೂತ್ರದ ಮಾದರಿಯಲ್ಲಿ ಫ್ಯೂರೋಸೆಮೈಡ್ ಎಂಬ ನಿಷೇಧಿತ ಪದಾರ್ಥ ಸಿಕ್ಕಿದೆಯೆಂದು ನಾಡಾದಿಂದ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯಿಂದ) ಪತ್ರ ಬಂತು. ಕಾಲು ಬಾತುಕೊಂಡಿದ್ದಾಗ ಇಲ್ಲಿಯ ವೈದ್ಯರೊಬ್ಬರು ಐದು ದಿನಕ್ಕೆಂದು ಬರೆದುಕೊಟ್ಟ, ನೀರು ಇಳಿಸುವ ಮಾತ್ರೆ ಅದು. ಚೀಟಿ ನಮ್ಮ ಬಳಿ ಇದೆ. ಮಾತ್ರೆ ನುಂಗಿದ್ದು ನಿಜವಾದ್ದರಿಂದ ಬಿ ಮಾದರಿಯ (ಅದೇ ಮೂತ್ರದ ಎರಡನೆಯ ಬಾಟಲಿಯ) ಪರೀಕ್ಷೆ ಕೇಳಲಿಲ್ಲ. ಈಗ ಎರಡು ವರ್ಷದ ನಿಷೇಧವನ್ನು ಪ್ರಸ್ತಾಪಿಸಿ ಆರೋಪದ ಪತ್ರ ಬಂದಿದೆ. ಇಪ್ಪತ್ತು ದಿನದೊಳಗೆ ಒಪ್ಪಬೇಕು, ಇಲ್ಲವೇ ಶಿಸ್ತು ಸಮಿತಿಯ ವಿಚಾರಣೆ ಕೇಳಬೇಕು. ಆರು ದಿನ ಕಳೆದಿವೆ. ಮನೆಯಲ್ಲಿ ಅಪ್ಪನಿಗೆ ಇನ್ನೂ ಹೇಳಿಲ್ಲ. ಏನು ಮಾಡಬೇಕೆಂದು ತಿಳಿದವರು ದಾರಿ ತೋರಿಸಬೇಕಾಗಿ ವಿನಂತಿ.

ಸಿರುಗುಪ್ಪದ ಮಾಜಿ ವೇಟ್‌ಲಿಫ್ಟರ್

ತಮ್ಮಾ, ಸಹಿ ಹಾಕಿಸಿಬಿಡಿ. ನಾನು ಸಹಿ ಹಾಕಿದವನು, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. 2022ರಲ್ಲಿ ನನ್ನ ಮಾದರಿಯಲ್ಲಿ ಸ್ಟಾನೊಜೊಲಾಲ್ ಎಂಬ ಸ್ಟೀರಾಯ್ಡ್ ಸಿಕ್ಕಿತು. ಸಿಗದೆ ಇನ್ನೇನು? ಹನ್ನೊಂದು ವಾರ, ವಾರಕ್ಕೆರಡರಂತೆ, ಒಂದಕ್ಕೆ 380 ರೂಪಾಯಿ ಕೊಟ್ಟು ಚುಚ್ಚಿಸಿಕೊಂಡಿದ್ದೆ. ಅಂದರೆ 8,360 ರೂಪಾಯಿಯನ್ನು ನನ್ನ ಕೈಯಾರೆ ಎಣಿಸಿ ನನ್ನ ನಿಷೇಧವನ್ನು ನಾನೇ ಕೊಂಡುಕೊಂಡೆ. ಆರೋಪದ ಪತ್ರದಲ್ಲಿ ನಾಲ್ಕು ವರ್ಷ ಎಂದಿತ್ತು. ಇಪ್ಪತ್ತು ದಿನದೊಳಗೆ ತಪ್ಪನ್ನೂ ಶಿಕ್ಷೆಯನ್ನೂ ಒಟ್ಟಿಗೆ ಒಪ್ಪಿಕೊಂಡರೆ ಒಂದು ವರ್ಷ ಕಡಿಮೆ ಮಾಡುವ ನಿಯಮವಿದೆಯೆಂದು ತಿಳಿದು, ಹದಿನೇಳನೆಯ ದಿನ ಸಹಿ ಮಾಡಿ ಕಳಿಸಿದೆ. ಮೂರು ವರ್ಷವಾಯಿತು. ವಕೀಲರಿಗೆ ಒಂದು ರೂಪಾಯಿಯನ್ನೂ ಕೊಡಲಿಲ್ಲ.

ಆದರೆ ಬೇರೆ ಲೆಕ್ಕ ಕೇಳಿ. ಮಾದರಿ ಕೊಟ್ಟ ದಿನದಿಂದ ಮುಂದಿನ ಫಲಿತಾಂಶಗಳೆಲ್ಲ ರದ್ದಾದವು. ಆ ಅವಧಿಯಲ್ಲಿ ಗೆದ್ದ 15,000 ರೂಪಾಯಿ ಬಹುಮಾನವನ್ನು ಮರಳಿಸಲು ಸೊಸೈಟಿಯಲ್ಲಿ ಸಾಲ ಮಾಡಿದೆ. ಪದಕವನ್ನೂ ಕಳಿಸಿಕೊಡಬೇಕೆಂದರು, ಕೊರಿಯರಿಗೆ 140 ರೂಪಾಯಿ ನಾನೇ ಕೊಟ್ಟೆ. ಸಾಲ ತೀರುವುದಕ್ಕೆ ಎರಡು ಬೆಳೆ ಹಿಡಿಯಿತು, ಏಕೆಂದರೆ ಆ ವರ್ಷ ನಮ್ಮ ಕಾಲುವೆಗೆ ಬೇಸಿಗೆ ಬೆಳೆಯ ನೀರು ಬರಲಿಲ್ಲ. ಪೊಲೀಸ್ ನೇಮಕಾತಿಯ ಕ್ರೀಡಾ ಕೋಟಾಕ್ಕೆ ಅರ್ಜಿ ಹಾಕಬೇಕೆಂದಿದ್ದವನ ವಯಸ್ಸೂ ಮೀರಿತು. ಇಷ್ಟಾದರೂ ನಾನು ಯಾರ ಮುಂದೆಯೂ ಸುಳ್ಳು ಹೇಳಿ ನಿಲ್ಲಲಿಲ್ಲ.

ಬಳ್ಳಾರಿ, ಕೌಲ್ ಬಜಾರಿನ ಕುಸ್ತಿಪಟುವಿನ ತಂದೆ

ಸಹಿ ಹಾಕುವುದೆಂದರೆ ಕುತ್ತಿಗೆ ಕೊಡುವುದು. ಕುಸ್ತಿಯ ಮಕ್ಕಳು ತೂಕ ಇಳಿಸಲು ಇಂಥ ಮಾತ್ರೆ ನುಂಗುವುದು ಹೊಸದಲ್ಲ, ಆದರೂ ಹೋರಾಡಲೇಬೇಕು. ನನ್ನ ಮಗನ ವಿಷಯ ಹೇಳುತ್ತೇನೆ.

2019ರ ಸೆಪ್ಟೆಂಬರಿನಲ್ಲಿ ಅವನ ಮಾದರಿ ಪಡೆದರು. ಆಗಸ್ಟಿನಲ್ಲಷ್ಟೇ ದೆಹಲಿಯ ರಾಷ್ಟ್ರೀಯ ಪ್ರಯೋಗಾಲಯದ ಮಾನ್ಯತೆಯನ್ನು ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ಅಮಾನತು ಮಾಡಿತ್ತು. ಅದು ಮರಳಿ ಸಿಕ್ಕಿದ್ದು 2021ರ ಡಿಸೆಂಬರಿನಲ್ಲಿ. ಹಾಗಾಗಿ ಮಾದರಿ ವಿದೇಶಕ್ಕೆ ಹೋಗಿ, ಮೆಥಾಂಡಿಯೆನೋನ್ ಎಂಬ ಸ್ಟೀರಾಯ್ಡ್ ಇದೆಯೆಂಬ ವರದಿ ಡಿಸೆಂಬರಿನಲ್ಲಿ ಬಂತು. ಅಂದಿನಿಂದಲೇ ತಾತ್ಕಾಲಿಕ ಅಮಾನತು. ಗರಡಿಮನೆಯ ಕೆಮ್ಮಣ್ಣಿಗೆ ಕೈಮುಗಿದು ಇಳಿಯುವ ನನ್ನ ಹುಡುಗ ಸೂಜಿಯನ್ನು ಕಂಡರೆ ಹೆದರುವವನು. ಅವನು ಸೇವಿಸುತ್ತಿದ್ದದ್ದು ಪ್ರೋಟೀನ್ ಪುಡಿಯೊಂದನ್ನೇ. ಅದೃಷ್ಟಕ್ಕೆ ಅದೇ ಬ್ಯಾಚಿನ, ಸೀಲು ಒಡೆಯದ ಇನ್ನೊಂದು ಡಬ್ಬಿ ಮನೆಯಲ್ಲಿತ್ತು, ಬಿಲ್ಲೂ ಇತ್ತು. ಅದನ್ನು ಪರೀಕ್ಷೆ ಮಾಡಿಸಿದಾಗ ಡಬ್ಬಿಯ ಲೇಬಲಿನಲ್ಲಿ ನಮೂದಿಸದ ಅದೇ ಪದಾರ್ಥ ಅದರಲ್ಲಿ ಸಿಕ್ಕಿತು.

ಖರ್ಚನ್ನು ಬರೆದಿಟ್ಟಿದ್ದೇನೆ: ವಕೀಲರಿಗೆ 75,000, ಡಬ್ಬಿಯ ಪರೀಕ್ಷೆಗೆ 42,000, ಎರಡು ಸಲ ಗುಂತಕಲ್ಲಿಗೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ತಂದೆ-ಮಗ ದೆಹಲಿಗೆ ಸ್ಲೀಪರ್ ಬೋಗಿಯಲ್ಲಿ ಹೋಗಿಬಂದದ್ದು 6,800, ವಸತಿ 6,400, ಊಟ ಮತ್ತು ಆಟೊ 4,150, ನೋಟರಿ ಮತ್ತು ಝೆರಾಕ್ಸ್ 1,870. ಒಟ್ಟು 1,36,220 ರೂಪಾಯಿ. ಎರಡನೆಯ ಸಲ ಹೋದಾಗ ವಿಚಾರಣೆಯನ್ನು ಮುಂದೂಡಿ ಕಳಿಸಿದರು. ಆಮೇಲೆ ಕೊರೊನಾ ಬಂದು ವಿಡಿಯೊದಲ್ಲೇ ನಡೆಯಿತು. ಕಲುಷಿತ ಉತ್ಪನ್ನವೆಂದು ಒಪ್ಪಿ, ನಾಲ್ಕು ವರ್ಷದ ಬದಲು ಹದಿನಾಲ್ಕು ತಿಂಗಳ ಶಿಕ್ಷೆ ಕೊಟ್ಟರು. ಆದರೆ ಅಮಾನತಿನಲ್ಲಿ ಕಳೆದ ಕಾಲವೂ ಲೆಕ್ಕಕ್ಕೆ ಸೇರಿ, ತೀರ್ಪು ಕೈಸೇರಿದಾಗ ಆ ಹದಿನಾಲ್ಕು ತಿಂಗಳಲ್ಲಿ ಉಳಿದದ್ದು ಮೂವತ್ತಮೂರು ದಿನ. ಅಷ್ಟರಲ್ಲಿ ಅವನು ಜೂನಿಯರ್ ವಯಸ್ಸು ದಾಟಿದ್ದ.

ಸಿರುಗುಪ್ಪದ ಮಾಜಿ ವೇಟ್‌ಲಿಫ್ಟರ್

ಹಿರಿಯರೇ, ಮೂವತ್ತಮೂರು ದಿನಕ್ಕಾಗಿ ಒಂದು ಲಕ್ಷ ಮೂವತ್ತಾರು ಸಾವಿರ ಖರ್ಚು ಮಾಡಿದ್ದನ್ನು ಗೆಲುವೆಂದು ಹೇಳುತ್ತಿದ್ದೀರಿ. ದುಡ್ಡಿದ್ದವರ ಹೋರಾಟವನ್ನು ಬಡವರಿಗೆ ಉಪದೇಶ ಮಾಡಬೇಡಿ.

ಕೌಲ್ ಬಜಾರಿನ ತಂದೆ

ದುಡ್ಡಿದ್ದವರೇ? ನನ್ನ ಹೆಂಡತಿಯ ಕೊರಳಿನ ಬೋರಮಾಳ ಇವತ್ತಿಗೂ ಬ್ಯಾಂಕಿನಲ್ಲಿದೆ. ಗೊತ್ತಿದ್ದೂ ಚುಚ್ಚಿಸಿಕೊಂಡವರಿಗೆ ಮೂರು ವರ್ಷವೂ ಕಡಿಮೆಯೇ. ಗೊತ್ತಿಲ್ಲದೆ ಸಿಕ್ಕಿಬಿದ್ದವನ ಹೆಸರಿಗೆ ಅಂಟಿದ ಮಸಿಯನ್ನು ತೊಳೆಯಲು ನಾನು ಖರ್ಚು ಮಾಡಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಬಳ್ಳಾರಿಯ ಪ್ರೋಟೀನ್ ಅಂಗಡಿಯವರು

ಎಲ್ಲ ದೋಷವನ್ನೂ ಪುಡಿಯ ಮೇಲೆ ಹೊರಿಸುವುದು ಈಚೆಗೆ ರೂಢಿಯಾಗಿದೆ. ಹತ್ತು ಜನ ಗಿರಾಕಿಗಳಲ್ಲಿ ಒಂಬತ್ತು ಜನ ಕಡಿಮೆ ಬೆಲೆಯದ್ದನ್ನೇ ಕೇಳಿ, ಬಿಲ್ಲು ಬೇಡವೆಂದು ಹೇಳಿ ಹೋಗುತ್ತಾರೆ. ಸಿಕ್ಕಿಬಿದ್ದಾಗ ಮಾತ್ರ ಬಿಲ್ಲು ಹುಡುಕಿಕೊಂಡು ಬರುತ್ತಾರೆ.

ಕೌಲ್ ಬಜಾರಿನ ತಂದೆ

ನಾನು ಬಿಲ್ಲು ಕೇಳಿ ಪಡೆದವನು. ಆ ಬಿಲ್ಲಿನಲ್ಲಿ ಬ್ಯಾಚಿನ ಸಂಖ್ಯೆಯನ್ನು ಬರೆಯಲು ನಿಮ್ಮಂಥ ಅಂಗಡಿಯವರೊಬ್ಬರು ಒಪ್ಪದೆ ಇದ್ದದ್ದಕ್ಕೇ ಸಮಿತಿಯ ಮುಂದೆ ನನ್ನ ಅರ್ಧ ಗಂಟೆ ಹಾಳಾಯಿತು. ನೀವು ಇಲ್ಲಿ ಮಾತಾಡದಿರುವುದು ಒಳ್ಳೆಯದು.

ರಾಯಚೂರಿನ ದೈಹಿಕ ಶಿಕ್ಷಣ ಶಿಕ್ಷಕಿ

ಗಂಗಾವತಿಯವರು ಕೇಳಿದ್ದಕ್ಕೆ ಉತ್ತರ ಹೇಳುವ ಮೊದಲು ನನ್ನ ಹೊಟ್ಟೆಯ ಸಂಕಟವನ್ನೂ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನಾನು ಆರು ವರ್ಷ ತಯಾರು ಮಾಡಿದ, ಮಧ್ಯಮ ದೂರದ ಓಟಗಾರನೊಬ್ಬ ಒಂದು ಕೂಟದಲ್ಲಿ ಪದಕ ಗೆದ್ದ. ನಾಡಾದ ಸಿಬ್ಬಂದಿ ಬಂದು ಹೆಸರು ಕೇಳಿ ಕಾಗದಕ್ಕೆ ಸಹಿ ಮಾಡಿಸಿಕೊಂಡರು. ಇವನು ನೀರು ಕುಡಿದು ಬರುತ್ತೇನೆಂದು ಹೇಳಿ, ಹಿಂದಿನ ಗೇಟಿನಿಂದ ಹೊರಟು ರಾಯಚೂರಿನ ಬಸ್ಸು ಹತ್ತಿದ. ಚೀಲವನ್ನು ಕೂಡ ನನ್ನ ಬಳಿಯೇ ಬಿಟ್ಟು ಹೋಗಿದ್ದ. ಮಾದರಿ ಕೊಡದೆ ತಪ್ಪಿಸಿಕೊಂಡರೆ ಮೂಲ ಶಿಕ್ಷೆಯೇ ನಾಲ್ಕು ವರ್ಷ. ಅವನಿಗೆ ಅಷ್ಟೂ ಬಿತ್ತು. ಒಲಿಂಪಿಕ್ ಪದಕ ಗೆದ್ದ ಬಜರಂಗ್ ಪೂನಿಯಾ ಅವರಿಗೂ 2024ರ ನವೆಂಬರಿನಲ್ಲಿ ಮಾದರಿ ಕೊಡಲು ನಿರಾಕರಿಸಿದ ಕಾರಣಕ್ಕೇ ನಾಲ್ಕು ವರ್ಷವೆಂದು ತೀರ್ಪಾಯಿತು, ಇವನು ಯಾವ ಲೆಕ್ಕ. 2023ರಲ್ಲಿ ದೆಹಲಿಯ ರಾಜ್ಯ ಕೂಟಕ್ಕೆ ಪರೀಕ್ಷಕರು ಬಂದರೆಂಬ ಸುದ್ದಿಗೆ ನೂರು ಮೀಟರ್ ಓಟದ ಫೈನಲಿನಲ್ಲಿ ಒಬ್ಬನೇ ಓಡಿದ್ದನ್ನು ಪತ್ರಿಕೆಯಲ್ಲಿ ಓದಿ ನಕ್ಕಿದ್ದೆ; ನನ್ನ ಹುಡುಗನೇ ಹಾಗೆ ಮಾಡುತ್ತಾನೆಂದು ಎಣಿಸಿರಲಿಲ್ಲ. ಅವನ ಒಳಗೆ ಏನಿತ್ತೋ ಇರಲಿಲ್ಲವೋ ಎಂಬುದು ಇಂದಿಗೂ ನನಗೆ ತಿಳಿಯದು, ಅವನು ಬಾಯಿ ಬಿಡುವುದಿಲ್ಲ.

ಈಗ ಒಂದೇ ಪ್ರಶ್ನೆ. ಮಾದರಿ ಕೊಡುವಾಗ ಹಿಂದಿನ ಏಳು ದಿನ ಸೇವಿಸಿದ ಔಷಧಗಳನ್ನು ಬರೆಯುವ ಜಾಗ ನಮೂನೆಯಲ್ಲಿರುತ್ತದೆ. ನಿಮ್ಮ ತಂಗಿ ಅಲ್ಲಿ ಆ ಮಾತ್ರೆಯ ಹೆಸರು ಬರೆದಿದ್ದಾಳೆಯೇ?

ಕೊಪ್ಪಳದ ಕಬಡ್ಡಿ ಆಟಗಾರ

ಶಿಕ್ಷೆ ಎಷ್ಟು ಎಂಬುದನ್ನೇ ಎಲ್ಲರೂ ಹೇಳುತ್ತಿದ್ದೀರಿ, ಶಿಕ್ಷೆಯ ಒಳಗೆ ಹೇಗಿರಬೇಕೆಂಬುದನ್ನು ಯಾರೂ ಹೇಳುತ್ತಿಲ್ಲ. ಪಂದ್ಯಕ್ಕೆ ಮೊದಲು ಕುಡಿಯುವ ಪುಡಿಯೊಂದರಲ್ಲಿದ್ದ ಮಿಥೈಲ್‌ಹೆಕ್ಸಾನಮೈನ್ ಎಂಬ ಉತ್ತೇಜಕದ ಕಾರಣದಿಂದ ನನಗೆ ಎರಡು ವರ್ಷ ನಿಷೇಧವಾಯಿತು. ಒಂಬತ್ತನೆಯ ತಿಂಗಳಲ್ಲಿ ಗೆಳೆಯರು ಬಂದು, ಒಬ್ಬ ರೇಡರ್ ಕಡಿಮೆಯಿದ್ದಾನೆ, ನಮ್ಮೂರ ಕಡೆಯ ಪಂದ್ಯ, ದೆಹಲಿಯವರಿಗೆ ಏನು ಗೊತ್ತಾಗುತ್ತದೆ ಎಂದರು. ಆ ಪಂದ್ಯಾವಳಿಗೆ ಕಬಡ್ಡಿ ಸಂಸ್ಥೆಯ ಮಾನ್ಯತೆ ಇತ್ತು. ಯಾರೋ ಅದರ ವಿಡಿಯೊವನ್ನು ಮೊಬೈಲಿನಲ್ಲಿ ಹರಿಯಬಿಟ್ಟರು. ಮೊದಲಿನಷ್ಟೇ ಅವಧಿಯನ್ನು, ಅಂದರೆ ಇನ್ನೂ ಎರಡು ವರ್ಷವನ್ನು, ಮೊದಲನೆಯದರ ತುದಿಗೆ ಸೇರಿಸಿದರು. ಆ ದಿನ ನನಗೆ ಸಿಕ್ಕಿದ್ದು 700 ರೂಪಾಯಿ ಮತ್ತು ಒಂದು ಟವೆಲ್. ತಂಡದ ಜೊತೆ ಅಭ್ಯಾಸ ಮಾಡುವುದಕ್ಕೂ ಅವಕಾಶವಿಲ್ಲ. ಕೊನೆಯ ಎರಡು ತಿಂಗಳು, ಅಥವಾ ಶಿಕ್ಷೆಯ ಕೊನೆಯ ಕಾಲುಭಾಗ, ಇವೆರಡರಲ್ಲಿ ಯಾವುದು ಚಿಕ್ಕದೋ ಅಷ್ಟು ಕಾಲ ಮಾತ್ರ ಕ್ಲಬ್ಬಿಗೆ ಮರಳಬಹುದು. ನಿಮ್ಮ ತಂಗಿಗೆ ಇದನ್ನು ಮೊದಲು ಹೇಳಿ.

ಸಿರುಗುಪ್ಪದ ಮಾಜಿ ವೇಟ್‌ಲಿಫ್ಟರ್

ಮತ್ತೆ ಹೇಳುತ್ತೇನೆ, ಸಹಿ ಹಾಕಿದರೆ ಎರಡು ವರ್ಷದಲ್ಲಿ ಒಂದು ವರ್ಷ ಉಳಿಯುತ್ತದೆ. ಇಷ್ಟು ಸರಳವಾದ ಲೆಕ್ಕಕ್ಕೆ ಇಷ್ಟೊಂದು ಪುರಾಣ ಬೇಡ.

ರಾಯಚೂರಿನ ದೈಹಿಕ ಶಿಕ್ಷಣ ಶಿಕ್ಷಕಿ

ಸರ್, ನಿಮ್ಮ ಲೆಕ್ಕವೇ ತಪ್ಪು. ಆ ಒಂದು ವರ್ಷದ ರಿಯಾಯಿತಿ ಇರುವುದು ನಾಲ್ಕು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಆರೋಪ ಹೊತ್ತವರಿಗೆ. ನಿಮ್ಮ ಸ್ಟಾನೊಜೊಲಾಲ್ ಆ ಗುಂಪಿಗೆ ಸೇರಿದ್ದು. ಫ್ಯೂರೋಸೆಮೈಡ್ ‘ನಿರ್ದಿಷ್ಟ ಪದಾರ್ಥ’ಗಳ (ಚಿಕಿತ್ಸೆಯಂಥ ಬೇರೆ ಕಾರಣಕ್ಕೂ ದೇಹ ಸೇರಿರಬಹುದಾದವುಗಳ) ಗುಂಪಿನದು, ಉದ್ದೇಶಪೂರ್ವಕವೆಂದು ನಾಡಾ ಸಾಧಿಸದ ಹೊರತು ಅದಕ್ಕೆ ಮೂಲ ಶಿಕ್ಷೆ ಎರಡು ವರ್ಷ. ಆ ಹುಡುಗಿ ಈಗ ಸಹಿ ಹಾಕಿದರೆ ಪೂರ್ತಿ ಎರಡು ವರ್ಷವೇ ಖಾಯಂ. ವಿಚಾರಣೆಯಲ್ಲಿ ಪದಾರ್ಥ ದೇಹಕ್ಕೆ ಸೇರಿದ ಬಗೆಯನ್ನು ಸಾಧಿಸಿ, ತನ್ನ ಕಡೆಯ ದೋಷ ದೊಡ್ಡದಲ್ಲವೆಂದು ತೋರಿಸಿದರೆ, ಛೀಮಾರಿಯಿಂದ ಹಿಡಿದು ಎರಡು ವರ್ಷದವರೆಗೆ ಎಷ್ಟು ಬೇಕಾದರೂ ಆಗಬಹುದು. ಕೆಮ್ಮಿನ ಸಿರಪ್ಪಿನಲ್ಲಿದ್ದ ಟರ್ಬುಟಲೈನ್ ಕಾರಣಕ್ಕೆ 2019ರಲ್ಲಿ ಕ್ರಿಕೆಟಿಗ ಪೃಥ್ವಿ ಶಾ ಅವರಿಗೆ ಎಂಟು ತಿಂಗಳಷ್ಟೇ ಆಯಿತು.

ಕೌಲ್ ಬಜಾರಿನ ತಂದೆ

ಆ ಎಂಟು ತಿಂಗಳು ಕೊಟ್ಟಿದ್ದು ಕ್ರಿಕೆಟ್ ಮಂಡಳಿ, ಆಗ ಅವರು ನಾಡಾದ ಕೆಳಗೇ ಇರಲಿಲ್ಲ. ಕುಸ್ತಿಯ ಹುಡುಗನಿಗೂ ಅಷ್ಟೇ ಕೊಡುತ್ತಾರೆಂದು ನಂಬಿಸಬೇಡಿ ಮೇಡಂ.

ರಾಯಚೂರಿನ ದೈಹಿಕ ಶಿಕ್ಷಣ ಶಿಕ್ಷಕಿ

ನಂಬಿಸುತ್ತಿಲ್ಲ. ಕಡಿಮೆ ಶಿಕ್ಷೆ ಸಿಕ್ಕರೂ ಅದೇ ಕೊನೆಯಲ್ಲ ಎಂಬುದನ್ನೂ ಹೇಳುತ್ತೇನೆ. ನಮ್ಮ ಉಡುಪಿ ಜಿಲ್ಲೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿ ಅವರು ತರಬೇತುದಾರರು ಕೊಟ್ಟ ಜಿನ್ಸೆಂಗ್‌ನಿಂದ ಹೀಗಾಯಿತೆಂದು ವಾದಿಸಿ 2011ರಲ್ಲಿ ಒಂದು ವರ್ಷದ ಶಿಕ್ಷೆ ಪಡೆದಿದ್ದರು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯವು ಅದನ್ನು ಎರಡು ವರ್ಷಕ್ಕೆ ಏರಿಸಿತು. ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದವರಿಗೇ ಹಾಗಾಯಿತು.

ಸಿರುಗುಪ್ಪದ ಮಾಜಿ ವೇಟ್‌ಲಿಫ್ಟರ್

ನಿಯಮ ನನಗೆ ತಪ್ಪಾಗಿ ತಿಳಿದಿತ್ತು, ಒಪ್ಪಿದೆ. ಆದರೆ ‘ನಿಮ್ಮ ಸ್ಟಾನೊಜೊಲಾಲ್’ ಎಂದು ಎತ್ತಿ ಆಡುವ ಅಗತ್ಯವಿರಲಿಲ್ಲ. ಚುಚ್ಚಿದ ಕೈ ಯಾರದೆಂದು ನಾನು ಇಲ್ಲಿ ಬರೆದರೆ, ದೈಹಿಕ ಶಿಕ್ಷಕರ ಬಗ್ಗೆ ನೀವು ಇಷ್ಟು ಗಟ್ಟಿಯಾಗಿ ಮಾತಾಡಲಾರಿರಿ.

ರಾಯಚೂರಿನ ದೈಹಿಕ ಶಿಕ್ಷಣ ಶಿಕ್ಷಕಿ

ಹಾಗಿದ್ದರೆ ಅದನ್ನು ಇಲ್ಲಿ ಅಲ್ಲ, ನಾಡಾಕ್ಕೆ ಬರೆಯಬೇಕಿತ್ತು. ಕೊಟ್ಟವರ ವಿರುದ್ಧ ಸಾಕ್ಷಿ ಹೇಳಿದರೂ ಶಿಕ್ಷೆಯಲ್ಲಿ ರಿಯಾಯಿತಿ ಕೇಳಬಹುದಿತ್ತು. ಸುಳ್ಳು ಹೇಳಿಲ್ಲವೆಂಬ ಹೆಮ್ಮೆ ಸರಿಯೇ. ಚುಚ್ಚಿದವರು ಇವತ್ತು ಬೇರೆ ಮಕ್ಕಳಿಗೆ ಚುಚ್ಚುತ್ತಿಲ್ಲವೆಂದು ನಿಮಗೆ ಖಾತ್ರಿಯಿದೆಯೇ?

ಗಂಗಾವತಿಯ ಅಣ್ಣ

ಹಿರಿಯರೆಲ್ಲರಿಗೂ ಋಣಿ. ನನ್ನ ತಂಗಿ ಕುಸ್ತಿಯವಳಲ್ಲ, ಜಾವೆಲಿನ್ ಎಸೆಯುವವಳು. ಅವಳಿಗೆ ತೂಕ ಇಳಿಸುವ ಪ್ರಮೇಯವೇ ಇಲ್ಲ. ಮೇಡಂ ಕೇಳಿದ ಪ್ರಶ್ನೆಯನ್ನು ಅವಳಿಗೆ ಕೇಳಿದೆ. ನಮೂನೆಯಲ್ಲಿ ಅವಳು ‘ಏನೂ ಇಲ್ಲ’ ಎಂದು ಬರೆದಿದ್ದಾಳೆ. ಬರೆದರೆ ಸುಮ್ಮನೆ ತೊಂದರೆಯೆಂದು ಜೊತೆಗಿದ್ದವರೊಬ್ಬರು ಹೇಳಿದರಂತೆ.

ರಾಯಚೂರಿನ ದೈಹಿಕ ಶಿಕ್ಷಣ ಶಿಕ್ಷಕಿ

ಅದನ್ನು ಮೊದಲೇ ಅವರು ಹಿಡಿಯುತ್ತಾರೆ. ಮುಚ್ಚಿಡಬೇಡಿ, ಹೇಳಿಕೆಯ ಮೊದಲ ಪುಟದಲ್ಲೇ ನೀವಾಗಿ ಬರೆಯಿರಿ. ಚೀಟಿ ಮಾತ್ರ ಸಾಲದು. ವೈದ್ಯರ ಹೊರರೋಗಿ ದಾಖಲೆಯ ಪ್ರತಿ, ಕಾಲು ಬಾತದ್ದಕ್ಕೆ ಅವರು ಕಂಡ ಕಾರಣ, ತಾನು ಕ್ರೀಡಾಪಟುವೆಂದು ಅವಳು ಅವರಿಗೆ ಹೇಳಿದ್ದಳೋ ಇಲ್ಲವೋ ಎಂಬುದು, ಔಷಧದ ಅಂಗಡಿಯ ಬಿಲ್ಲು, ಎಲ್ಲ ಬೇಕು. ಚಿಕಿತ್ಸೆಗಾಗಿ ಕೊಡುವ ವಿನಾಯಿತಿಯನ್ನು ಹಿಂದಿನ ದಿನಾಂಕದಿಂದ ಕೇಳಲು ಅವಳ ಮಟ್ಟದ ಆಟಗಾರ್ತಿಗೆ ಅವಕಾಶವಿದೆಯೇ ಎಂದೂ ಅದೇ ಪತ್ರದಲ್ಲಿ ಕೇಳಿ. ಹದಿನಾಲ್ಕು ದಿನ ಉಳಿದಿವೆ. ಉತ್ತರ ಕೊಡದೆ ಕುಳಿತರೆ ಒಪ್ಪಿದಂತೆಯೇ ಲೆಕ್ಕ.

ಗಂಗಾವತಿಯ ಅಣ್ಣ

ನಾಳೆ ಬೆಳಗ್ಗೆ ವೈದ್ಯರ ಬಳಿ ಹೋಗುತ್ತೇನೆ. ಔಷಧದ ಅಂಗಡಿಯ ಬಿಲ್ಲು ಸಿಕ್ಕಿಲ್ಲ. ಅಪ್ಪನಿಗೆ ಈಗಷ್ಟೇ ಹೇಳಿದೆ.

ಕೌಲ್ ಬಜಾರಿನ ತಂದೆ

ಜಾವೆಲಿನ್ ಎಂದು ಬರೆದದ್ದನ್ನು ನಾನು ಓದದೆ ಹೋದೆ, ಕ್ಷಮಿಸು ತಮ್ಮಾ. ವಿಡಿಯೊ ವಿಚಾರಣೆಗೆ ನೆಟ್‌ವರ್ಕ್ ಸರಿಯಿರುವ ಕೋಣೆಯನ್ನು ಮೊದಲೇ ನೋಡಿಟ್ಟುಕೊಳ್ಳಿ. ನಮ್ಮದು ಎರಡು ಸಲ ಕಡಿದು ಹೋಗಿತ್ತು. ಅಂಗಡಿಯವರು ಬಿಲ್ಲು ಕೊಡಲಿಲ್ಲವೆಂದರೆ ಯಾವ ಅಂಗಡಿಯೆಂದು ನನಗೆ ತಿಳಿಸಿ, ನಾನು ಬಂದು ಕೇಳುತ್ತೇನೆ.

ಬಳ್ಳಾರಿಯ ಪ್ರೋಟೀನ್ ಅಂಗಡಿಯವರು

ಮತ್ತೆ ಅಂಗಡಿಯವರ ಮೇಲೆಯೇ ಬಂದಿರಿ.