ಪದಚರ್ಚೆ: ರಿಸೆಪ್ಟರ್‌ಗೆ ‘ಗ್ರಾಹಕ’ ಬಿಟ್ಟು ಬೇರೆ ಏನಿದೆ? (ನಾಳೆ ಬೆಳಿಗ್ಗೆಯೊಳಗೆ ಬೇಕು)

ಮೇಳದ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಶಾಲೆಯ ವಿಜ್ಞಾನ ಮೇಳಕ್ಕೆ ಅರ್ಲ್ ಸದರ್‌ಲ್ಯಾಂಡ್ ಅವರ ಮೇಲೆ ಒಂದು ಫ್ಲೆಕ್ಸ್ ಮಾಡಿಸುತ್ತಿದ್ದೇನೆ. ನಾಳೆ ಹತ್ತಕ್ಕೆ ಪ್ರಿಂಟಿಗೆ ಕೊಡಬೇಕು. ಬರೆದದ್ದು ಇಷ್ಟು:

“1915ರಲ್ಲಿ ಅಮೆರಿಕದ ಕ್ಯಾನ್ಸಸ್‌ನಲ್ಲಿ ಹುಟ್ಟಿದರು. ಸೇಂಟ್ ಲೂಯಿಸ್‌ನಲ್ಲಿ ಕೋರಿ ದಂಪತಿಯ ಲ್ಯಾಬಿನಲ್ಲಿ ಪಳಗಿದರು. 1953ರಲ್ಲಿ ಕ್ಲೀವ್‌ಲ್ಯಾಂಡ್‌ಗೆ ಹೋದರು. ಅಡ್ರಿನಾಲಿನ್ ಎಂಬ ಹಾರ್ಮೋನು ಗ್ರಾಹಕದ ಮೂಲಕ ಲಿವರಿನ ಜೀವಕೋಶದೊಳಗೆ ಹೊಕ್ಕು, ಅಲ್ಲಿ ಕೂಡಿಟ್ಟ ಗ್ಲೈಕೋಜನ್ ಒಡೆಸಿ ಸಕ್ಕರೆ ಬಿಡಿಸುತ್ತದೆ ಎಂದು ತೋರಿಸಿದರು. 1971ರಲ್ಲಿ ನೊಬೆಲ್.”

ಮಗಳು ಓದಿ, “ಗ್ರಾಹಕ ಅಂದ್ರೆ ಅಂಗಡಿಗೆ ಬರೋರಲ್ವಾ?” ಎಂದಳು. ರಿಸೆಪ್ಟರ್ ಎಂದರೆ ಹಾರ್ಮೋನು ಬಂದು ಅಂಟುವ ಕೋಶದ ಭಾಗ. ಅದಕ್ಕೆ ಬೇರೆ ಪದ ಇದೆಯೇ? ‘ಸೆಕೆಂಡ್ ಮೆಸೆಂಜರ್’, ‘ಮೆಟಬಾಲಿಸಮ್’ ಇವಕ್ಕೂ ಬೇಕು.

ಬೇರುಬಿಳಲು:
ಗ್ರಾಹಕ ತಪ್ಪೇನಲ್ಲ. ಗ್ರಹಿಸುವುದು ಗ್ರಾಹಕ. ಅಂಗಡಿಯವರು ಆಮೇಲೆ ಬಂದರು. ಆ ಪದವೇ ಸವೆದು ಗಿರಾಕಿ ಆಯಿತು. ಗಿರಾಕಿಗೆ ಹೆದರಿ ಅದರ ಅಪ್ಪನನ್ನು ಮನೆಯಿಂದ ಹೊರಗೆ ಹಾಕುವುದೇ? ತೀರಾ ಕಷ್ಟ ಆದರೆ ‘ಗ್ರಾಹಿ’ ಎನ್ನಿ.

ಅಚ್ಚಗನ್ನಡ:
ಗ್ರಾಹಕ, ಗ್ರಾಹಿ ಎರಡೂ ಬೇಡ. ಲ್ಯಾಟಿನ್ ಬೇರಿನಲ್ಲಿ ಇರುವುದು ‘ಹಿಡಿ’ ಎಂಬ ಅರ್ಥ. ‘ಹಿಡುಕ’ ಎನ್ನಿ. ಮೆಸೆಂಜರ್‌ಗೆ ‘ಓಲೆಕಾರ’. ಮೆಟಬಾಲಿಸಮ್‌ಗೆ ‘ಕಟ್ಟೊಡೆತ’. ಮುಗಿಯಿತು.

ಬೇರುಬಿಳಲು:
ಹಿಡುಕ! ಕನ್ನಡದಲ್ಲಿ ಹಿಡುಕ ಎಂದರೆ ಅದರ ಹಿಂದೆ ‘ತಲೆ’ ತಾನಾಗಿ ಬಂದು ಕೂರುತ್ತದೆ. ಹೈಸ್ಕೂಲ್ ಮಕ್ಕಳ ಮುಂದೆ ನೀವೇ ಹೋಗಿ ಓದಿ ಹೇಳಿ, ಸ್ವಾಮಿ. ಮೆಟಬಾಲಿಸಮ್‌ಗೆ ಈಗಾಗಲೇ ಇರುವ ಚಯಾಪಚಯವನ್ನಂತೂ ಮುಟ್ಟಬೇಡಿ. ಚಯ ಕೂಡಿಸುವುದು, ಅಪಚಯ ಕಳೆಯುವುದು. ಮೈಯೊಳಗೆ ಆಗುವ ಎರಡೂ ಕೆಲಸ ಒಂದೇ ಪದದಲ್ಲಿ ಸಿಗುತ್ತದೆ. ಇಂಗ್ಲಿಷಿನ ಪದದಲ್ಲಿ ಅದು ಕಾಣುವುದೇ ಇಲ್ಲ.

ಲ್ಯಾಬ್‌ಕೋಟು:
ಪದ ಆಮೇಲೆ. ಮೇಷ್ಟ್ರೇ, ವಾಕ್ಯವೇ ತಪ್ಪಿದೆ. ಅಡ್ರಿನಾಲಿನ್ ಒಳಗೆ ಹೋಗುವುದಿಲ್ಲ. ಸದರ್‌ಲ್ಯಾಂಡ್ ಕೆಲಸದ ತಿರುಳೇ ಅದು.

ಅವರು ಮತ್ತು ಥಿಯೊಡೋರ್ ರಾಲ್ ಲಿವರನ್ನು ಅರೆದು, ಗಿರ್ರನೆ ತಿರುಗಿಸಿ, ತಿಳಿ ಬೇರೆ ಗಸಿ ಬೇರೆ ಮಾಡಿದರು. ಕೋಶದ ಪೊರೆಯ ಚೂರುಗಳು ಗಸಿಯಲ್ಲಿ. ಬರೀ ತಿಳಿಗೆ ಹಾರ್ಮೋನು ಹಾಕಿದರೆ ಏನೂ ಆಗಲಿಲ್ಲ. ಗಸಿಗೆ ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಜೊತೆ ಹಾರ್ಮೋನು ಹಾಕಿದಾಗ ಹೊಸದೊಂದು ವಸ್ತು ಹುಟ್ಟಿತು. ಕುದಿಸಿದರೂ ಅದು ಕೆಡಲಿಲ್ಲ. ಅದನ್ನು ತಿಳಿಗೆ ಸುರಿದರೆ, ಗ್ಲೈಕೋಜನ್ ಒಡೆಯುವ ಕಿಣ್ವ ಚುರುಕಾಯಿತು. ಆ ವಸ್ತು ಸೈಕ್ಲಿಕ್ ಎಎಂಪಿ. ಹಾರ್ಮೋನು ಬಾಗಿಲ ಹತ್ತಿರವೇ ನಿಲ್ಲುತ್ತದೆ, ಒಳಗೆ ಓಡುವವನು ಬೇರೆ. ‘ಸೆಕೆಂಡ್ ಮೆಸೆಂಜರ್’ ಎಂದದ್ದು ಅದಕ್ಕೇ. ಹಾಗಾಗಿ ‘ದ್ವಿತೀಯ’ ಎಂದು ಬರೆದು ದರ್ಜೆ ಇಳಿಸಬೇಡಿ. ‘ಎರಡನೇ’ ಸಾಕು. ಓಲೆಕಾರ ನನಗೆ ಇಷ್ಟವಾಯಿತು.

ಇನ್ನೊಂದು, ಸದರ್‌ಲ್ಯಾಂಡ್ ರಿಸೆಪ್ಟರ್‌ ಅನ್ನು ಬೇರ್ಪಡಿಸಿದವರಲ್ಲ. ಅಡ್ರಿನಾಲಿನ್ನಿನ ಒಂದು ರಿಸೆಪ್ಟರ್‌ನ ಜೀನ್ ಲೆಫ್ಕೊವಿಟ್ಜ್ ತಂಡದ ಕೈಗೆ ಸಿಕ್ಕಿದ್ದು 1986ರಲ್ಲಿ. ಸದರ್‌ಲ್ಯಾಂಡ್ 1974ರಲ್ಲೇ ತೀರಿಕೊಂಡಿದ್ದರು.

ನಾವು ಲ್ಯಾಬಿನಲ್ಲಿ ರಿಸೆಪ್ಟರ್ ಅಂತಲೇ ಹೇಳುವುದು. ಹಾಗೇ ಬರೆದರೆ ಏನು ಕಳೆದುಹೋಗುತ್ತದೆ?

ಅಚ್ಚಗನ್ನಡ:
ಕನ್ನಡ ಕಳೆದುಹೋಗುತ್ತದೆ. ರಿಸೆಪ್ಟರ್ ಎಂಬ ಕಲ್ಪನೆಗೆ ಜರ್ಮನ್ ವಿಜ್ಞಾನಿ ಪಾಲ್ ಎರ್ಲಿಕ್ ಮೊದಲು ಬಳಸಿದ್ದು ‘ಪಕ್ಕದ ಸರಪಳಿ’ ಎಂಬ ಅರ್ಥದ ಜರ್ಮನ್ ಪದ. ಅವರಿಗೆ ಆಗುವುದು ನಮಗೇಕೆ ಆಗದು?

ಬೇರುಬಿಳಲು:
ಅರ್ಧ ಹೇಳಿ ನಿಲ್ಲಿಸಿದಿರಿ. 1900ರಲ್ಲಿ ಅದೇ ಎರ್ಲಿಕ್ ಲ್ಯಾಟಿನ್‌ನಿಂದ ‘ರಿಸೆಪ್ಟರ್’ ಕಡ ತಂದರು. ಉಳಿದದ್ದು ಅದೇ. ಅಡ್ರಿನಾಲಿನ್ ಎಂದರೆ ಲ್ಯಾಟಿನ್‌ನಲ್ಲಿ ‘ಮೂತ್ರಪಿಂಡದ ಪಕ್ಕದ್ದು’. ಅದನ್ನೇ ಅಮೆರಿಕದವರು ಗ್ರೀಕಿನಲ್ಲಿ ‘ಎಪಿನೆಫ್ರಿನ್’ ಎನ್ನುತ್ತಾರೆ. ಕಡ ತರುವುದರಲ್ಲೂ ಅವರವರಲ್ಲೇ ಜಗಳ! ನಿಮ್ಮ ಫ್ಲೆಕ್ಸಿನಲ್ಲಿ ಹಾರ್ಮೋನು, ಎಟಿಪಿ, ನೊಬೆಲ್ ಎಲ್ಲಾ ಇರಬಹುದು, ಸಂಸ್ಕೃತ ಮಾತ್ರ ಇರಬಾರದು. ಇದು ಯಾವ ಲೆಕ್ಕ?

ಅಚ್ಚಗನ್ನಡ:
ಫ್ಲೆಕ್ಸ್ ನನ್ನದಲ್ಲ. ನಿಮ್ಮ ಜೊತೆ ವಾದ ಮಾಡುವುದೂ ದಂಡ.

ಮೇಳದ ಮೇಷ್ಟ್ರು:
ಇಬ್ಬರಿಗೂ ಕೈ ಮುಗಿಯುತ್ತೇನೆ. ಈಗಷ್ಟೇ ಪ್ರಿಂಟಿಗೆ ಕಳಿಸಿದೆ: “ಅಡ್ರಿನಾಲಿನ್ ಕೋಶದ ಹೊರಗೇ ನಿಂತು ರಿಸೆಪ್ಟರ್‌ಗೆ ಅಂಟುತ್ತದೆ. ಒಳಗೆ ಸುದ್ದಿ ಒಯ್ಯುವುದು ಸೈಕ್ಲಿಕ್ ಎಎಂಪಿ ಎಂಬ ಎರಡನೇ ಓಲೆಕಾರ.” ಚಯಾಪಚಯ ಹಾಗೇ ಉಳಿಯಿತು. ಲ್ಯಾಬ್‌ಕೋಟು ಅವರೇ, ನೀವಿಲ್ಲದಿದ್ದರೆ ತಪ್ಪನ್ನೇ ಹತ್ತಡಿ ಅಗಲಕ್ಕೆ ತೂಗುಹಾಕುತ್ತಿದ್ದೆ.

ಬೇರುಬಿಳಲು:
ಓಲೆಕಾರದ ‘ಕಾರ’ ಸಂಸ್ಕೃತದ್ದು. ಅಚ್ಚಗನ್ನಡದವರಿಗೆ ಬೇಜಾರಾದೀತು ಅಂತ ಸುಮ್ನಿದ್ದೆ.